ಹಳೆಯ ಕಾರಿನ ಸಬ್‌ಫ್ರೇಮ್ ಬುಷ್: ರಬ್ಬರೋ, ಪಾಲಿಯುರೆಥೇನೋ, ಅಲ್ಯೂಮಿನಿಯಮ್ಮೋ?

ಪ್ರಶ್ನೆ: ನನ್ನ ಬಳಿ 1970ರ ದಶಕದ ಕೊನೆಯಲ್ಲಿ ತಯಾರಾದ ಸೆಡಾನ್ ಕಾರಿದೆ. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಕೆಲವು ತಿಂಗಳಿಂದ ಕ್ಲಚ್ ಬಿಟ್ಟು ಹೊರಡುವಾಗ ಹಿಂದುಗಡೆ ‘ಧಡ್’ ಎಂಬ ಸದ್ದು ಬರುತ್ತಿದೆ. ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರಿನ ಹಿಂಭಾಗ ಪಕ್ಕಕ್ಕೆ ವಾಲಿ ಮತ್ತೆ ಸರಿಹೋಗುತ್ತದೆ. ಹಿಂದಿನ ಸಬ್‌ಫ್ರೇಮ್ ಚೌಕಟ್ಟಿನ ಒಂದು ಬುಷ್, ಅಂದರೆ ಅದನ್ನು ಕಾರಿನ ಮೈಗೆ ಬಿಗಿಯುವ ಬೋಲ್ಟ್‌ನ ಸುತ್ತಲಿನ ರಬ್ಬರ್ ಮೆತ್ತೆ, ಹರಿದಿರುವುದನ್ನು ಮೆಕ್ಯಾನಿಕ್ ತೋರಿಸಿದರು. ರಬ್ಬರಿನ ಬದಲು ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನ್ ಹಾಕಿಸಿದರೆ ಮತ್ತೆಂದೂ ಈ ಗೋಳಿಲ್ಲ ಎನ್ನುತ್ತಾರೆ. ಗೆಳೆಯರೊಬ್ಬರು ತಮ್ಮ ಕಾರಿಗೆ ಅಲ್ಯೂಮಿನಿಯಮ್ ಬುಷ್ ಹಾಕಿಸಿದ್ದಾರೆ. ಈ ನಡುವೆ, ಪೆಟ್ಟಿಗೆ ಒಡೆಯದ ಮೂಲ ಕಂಪನಿಯ ಹಳೆಯ ರಬ್ಬರ್ ಬುಷ್ ಒಂದು ನನಗೆ ಸಿಕ್ಕಿದೆ. ಯಾವುದನ್ನು ಹಾಕಿಸಲಿ? ಹರಿದದ್ದೊಂದನ್ನೇ ಬದಲಿಸಿದರೆ ಸಾಲದೇ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ದಿನನಿತ್ಯದ ರಸ್ತೆಯಲ್ಲಿ ಓಡುವ ಕಾರಿಗೆ ಒಳ್ಳೆಯ ತಯಾರಕರ, ಇತ್ತೀಚೆಗೆ ತಯಾರಾದ ರಬ್ಬರ್ ಬುಷ್ ಹಾಕಿಸಿ. ಹರಿದದ್ದು ಒಂದಾದರೂ ಬದಲಿಸಬೇಕಾದ್ದು ಎಲ್ಲವನ್ನೂ. ಪೆಟ್ಟಿಗೆಯಲ್ಲಿರುವ ಹಳೆಯ ಬುಷ್ ಬೇಡ. ಆದರೆ ಬುಷ್ ಬಂದು ಕೂರುವ ತಗಡನ್ನು ನೋಡದೆ ಏನನ್ನೂ ತರಿಸಬೇಡಿ. ನನ್ನ ಮಟ್ಟಿಗೆ ಇದು ತಗಡಿನ ಪ್ರಶ್ನೆ, ಬುಷ್ ಯಾವುದು ಎನ್ನುವುದು ಅದರ ನಂತರದ ಮಾತು.

ಏಕೆಂದು ವಿವರಿಸುತ್ತೇನೆ. ಸಬ್‌ಫ್ರೇಮ್ ಎಂದರೆ ಚಕ್ರಗಳನ್ನು ಹಿಡಿಯುವ ಸಸ್ಪೆನ್ಷನ್ ಆರ್ಮ್‌ಗಳನ್ನೂ ಎಂಜಿನ್‌ನ ಎಳೆತವನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್ ಅನ್ನೂ ಹೊತ್ತುಕೊಂಡ ಗಟ್ಟಿಮುಟ್ಟಾದ ಉಕ್ಕಿನ ಚೌಕಟ್ಟು. ಕಾರಿನ ಮೈ ಹಾಗಲ್ಲ, ತೆಳು ತಗಡುಗಳನ್ನು ಬೆಸೆದು ಕಟ್ಟಿದ್ದು. ಚಕ್ರದಿಂದ ಬರುವ ಪ್ರತಿಯೊಂದು ಹೊಡೆತವೂ ಡಿಫರೆನ್ಷಿಯಲ್‌ನ ತಿರುಚುವಿಕೆಯೂ ಆ ಗಟ್ಟಿ ಚೌಕಟ್ಟಿನಿಂದ ಈ ತೆಳು ತಗಡಿಗೆ ದಾಟುವುದು ಎರಡೋ ನಾಲ್ಕೋ ಬೋಲ್ಟ್‌ಗಳ ಮೂಲಕ. ಆ ದಾರಿಯಲ್ಲಿ ಕುಳಿತಿರುವುದು ಬುಷ್. ಸದ್ದು ತಡೆಯುವುದು ಅದರ ಒಂದು ಕೆಲಸ ಮಾತ್ರ. ಹೊಡೆತದ ಮೊನೆಯನ್ನು ಮೊಂಡು ಮಾಡಿ, ತಗಡು ತಾಳುವ ಮಟ್ಟಕ್ಕೆ ಇಳಿಸಿ ದಾಟಿಸುವುದು ಇನ್ನೊಂದು. ಬುಷ್ ಗಟ್ಟಿಯಾದಷ್ಟೂ ಆ ಎರಡನೆಯ ಕೆಲಸ ತಗಡಿನ ಪಾಲಿಗೆ ಬೀಳುತ್ತದೆ. ನಾಲ್ಕು ದಶಕ ದಾಟಿದ ತಗಡಿಗೆ ಆ ಹೊಸ ಹೊಣೆ ಹೊರಿಸುವ ಮುನ್ನ ಅದರ ಆರೋಗ್ಯ ವಿಚಾರಿಸಬೇಡವೇ?

ಇದು ಕೇವಲ ಹಳೆಯ ಕಾರುಗಳ ತೊಂದರೆಯೂ ಅಲ್ಲ. ಬಿಎಂಡಬ್ಲ್ಯು 3 ಸರಣಿಯ ಇ46 ಮಾದರಿ ನಿಮ್ಮ ಕಾರಿಗಿಂತ ಎರಡು ದಶಕ ಈಚಿನದು. ಹಿಂದಿನ ಸಬ್‌ಫ್ರೇಮ್ ಬೋಲ್ಟ್‌ಗಳು ಕಚ್ಚುವ ಜಾಗದಲ್ಲಿ ಅದರ ನೆಲದ ತಗಡು ಬಿರುಕು ಬಿಡುವುದು ಹೆಸರುವಾಸಿಯಾದ ದೋಷ. ಅದೂ ಕಾರ್ಖಾನೆಯಲ್ಲಿ ಹಾಕಿದ ರಬ್ಬರ್ ಬುಷ್ ಇದ್ದಾಗಲೇ. ಆ ಕಾರನ್ನು ಬಲ್ಲವರು ಗಟ್ಟಿ ಬುಷ್ ಹಾಕುವ ಮೊದಲು ಆ ಜಾಗಗಳಿಗೆ ಬಲಪಟ್ಟಿ ಬೆಸೆಯುವುದು ಸುಮ್ಮನೆ ಅಲ್ಲ.

ಹಾಗಾಗಿ ಕಾರನ್ನು ಎತ್ತಿಸಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪ್ರತಿ ಬೋಲ್ಟ್‌ನ ಸುತ್ತ ಒಂದು ಅಂಗೈ ಅಗಲದಷ್ಟು ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ ಬರಿಯ ಲೋಹ ಕಾಣುವಂತೆ ಮಾಡಿ. ಕೆಳಮೈಗೆ ಬಳಿದ ಕಪ್ಪು ಲೇಪ ನೋಡಲು ಸರಿಯಾಗಿಯೇ ಇರುತ್ತದೆ, ಅದನ್ನು ನಂಬಬೇಡಿ. ಅದರಡಿಯಲ್ಲಿ ನೀರು ನಿಂತು ತಗಡು ಪದರ ಪದರವಾಗಿ ಎದ್ದಿರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡಿ ತುಕ್ಕಿನ ಹುಡಿ ಉದುರಿಸುತ್ತದೆ. ಬೋಲ್ಟ್‌ನ ರಂಧ್ರದಿಂದ ಕಿರಣದಂತೆ ಹೊರಡುವ ಕೂದಲೆಳೆಯ ಬಿರುಕುಗಳನ್ನೂ ಬೆಸುಗೆಯ ಚುಕ್ಕೆಗಳ ಸುತ್ತ ಕಾಣುವ ಕಂದು ಉಂಗುರಗಳನ್ನೂ ಹುಡುಕಿ. ಅಂಥದ್ದು ಕಂಡರೆ ಮೊದಲು ವೆಲ್ಡಿಂಗ್, ಆಮೇಲೆ ಬುಷ್. ಇದನ್ನು ಬಿಟ್ಟು ದುಬಾರಿ ಬುಷ್ ಹಾಕುವುದು ಗೋಡೆಯ ತೇವ ನೋಡದೆ ಸುಣ್ಣ ಹೊಡೆದಂತೆ.

ತಗಡು ಗಟ್ಟಿಯಿದೆ ಎಂದಾದ ಮೇಲೆ, ಸದ್ದು ಬುಷ್‌ನದ್ದೇ ಎಂಬುದನ್ನೂ ಖಾತರಿ ಮಾಡಿಕೊಳ್ಳಿ. ನೀವು ಹೇಳಿದ ಎರಡು ಲಕ್ಷಣಗಳೂ ಬುಷ್‌ನತ್ತ ಬೊಟ್ಟು ಮಾಡುತ್ತವೆ, ನಿಜ. ಆದರೆ ಹೊರಡುವಾಗ ಬರುವ ‘ಧಡ್’ ಎಂಜಿನ್‌ನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಸವೆದ ಯೂನಿವರ್ಸಲ್ ಜಾಯಿಂಟ್‌ನಿಂದಲೂ ಬರಬಹುದು, ಡಿಫರೆನ್ಷಿಯಲ್ ಅನ್ನು ಹಿಡಿದಿಡುವ ಬುಷ್‌ನಿಂದಲೂ ಬರಬಹುದು. ಕಾರಿನ ಭಾರ ಚಕ್ರಗಳ ಮೇಲೇ ಇರುವಾಗ, ಸಬ್‌ಫ್ರೇಮ್ ಮತ್ತು ಮೈಯ ನಡುವೆ ಮೀಟುಗೋಲು ಹಾಕಿ ಮೆಲ್ಲಗೆ ಮೀಟಿ. ರಬ್ಬರ್ ಹಿಗ್ಗಿ ಹಿಂದಿರುಗಿದರೆ ಅದು ಬದುಕಿದೆ. ಒಳಗಿನ ಉಕ್ಕಿನ ಕೊಳವೆ ರಬ್ಬರಿನಿಂದ ಬಿಟ್ಟುಕೊಂಡು ತಾನೊಂದೇ ಅಲುಗಿದರೆ ಬುಷ್ ಮುಗಿದಿದೆ. ರಬ್ಬರಿನ ಮೈಮೇಲಿನ ಸಣ್ಣ ಬಿರುಕುಗಳಿಗೆ ಹೆದರಬೇಕಿಲ್ಲ. ಗಾಳಿಯಲ್ಲಿನ ಓಝೋನ್ ಹಳೆಯ ರಬ್ಬರಿನ ಹೊರಪದರವನ್ನು ಸೀಳುತ್ತದೆ, ಒಳಗು ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ನೋಡಬೇಕಾದ್ದು ರಬ್ಬರ್ ಮತ್ತು ಉಕ್ಕು ಅಂಟಿದ ಗೆರೆಯನ್ನು.

ರಬ್ಬರ್ ಉಬ್ಬಿಕೊಂಡು ಮೆತ್ತಗೆ, ಜಿಗುಟಾಗಿದ್ದರೆ ಅದು ವಯಸ್ಸಿನ ಫಲವಲ್ಲ, ಎಣ್ಣೆಯ ಫಲ. ಸಹಜ ರಬ್ಬರ್‌ಗೆ ಖನಿಜ ತೈಲ ಆಗಿಬರುವುದಿಲ್ಲ. ಡಿಫರೆನ್ಷಿಯಲ್‌ನ ಸೀಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಇಲ್ಲವಾದರೆ ಹೊಸ ಬುಷ್‌ಗೂ ಅದೇ ಗತಿ.

ಈಗ ವಸ್ತುವಿನ ವಿಚಾರ. ಸಬ್‌ಫ್ರೇಮ್ ಬುಷ್ ಮತ್ತು ಸಸ್ಪೆನ್ಷನ್ ಆರ್ಮ್ ಬುಷ್ ಒಂದೇ ಜಾತಿಯವು ಎಂದುಕೊಂಡು ಕೊಡುವ ಸಲಹೆಗಳಿಂದಲೇ ಇಲ್ಲಿ ಅರ್ಧ ಗೊಂದಲ ಹುಟ್ಟುತ್ತದೆ. ಆರ್ಮ್‌ನ ಬುಷ್ ಚಕ್ರ ಮೇಲೆ ಕೆಳಗೆ ಹೋದಂತೆಲ್ಲ ತಿರುಚಿಕೊಳ್ಳುತ್ತದೆ. ಸಬ್‌ಫ್ರೇಮ್‌ನ ಬುಷ್ ತಿರುಗುವುದೇ ಇಲ್ಲ, ಕುಳಿತಲ್ಲೇ ಒತ್ತಡ ತಿನ್ನುತ್ತದೆ. ಪಾಲಿಯುರೆಥೇನ್ ಕಿರುಗುಟ್ಟುತ್ತದೆ, ಗ್ರೀಸ್ ಹಾಕುತ್ತಲೇ ಇರಬೇಕು ಎಂಬ ದೂರು ತಿರುಗುವ ಜಾಗದ್ದು. ಸಬ್‌ಫ್ರೇಮ್‌ನಲ್ಲಿ ಅದು ಅಷ್ಟಾಗಿ ಕಾಡುವುದಿಲ್ಲ. ಆ ಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳುವುದರಲ್ಲಿ ಹುರುಳಿದೆ. ಆದರೆ ಇಲ್ಲಿ ಬೇರೊಂದು ತೊಡಕಿದೆ.

ರಬ್ಬರ್ ಬುಷ್ ಅನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಎಷ್ಟೋ ಮಾದರಿಗಳಲ್ಲಿ ಒಳಗಿನ ಕೊಳವೆಯ ಎರಡು ಬದಿಗೆ ಬಾಳೆಹಣ್ಣಿನಾಕಾರದ ಪೊಳ್ಳು ಕಾಣುತ್ತದೆ. ಅದು ರಬ್ಬರ್ ಉಳಿಸಲು ಮಾಡಿದ್ದಲ್ಲ. ಪೊಳ್ಳು ಇರುವ ದಿಕ್ಕಿನಲ್ಲಿ ಬುಷ್ ಮೆತ್ತಗೆ, ಅಡ್ಡ ದಿಕ್ಕಿನಲ್ಲಿ ಗಟ್ಟಿ. ಚಕ್ರ ಹಳ್ಳದ ಅಂಚಿಗೆ ಬಡಿದಾಗ ಹಿಂದುಮುಂದಾಗಿ ಸ್ವಲ್ಪ ಜರುಗಲಿ, ತಿರುವಿನಲ್ಲಿ ಮಾತ್ರ ಪಕ್ಕಕ್ಕೆ ಜರುಗದಿರಲಿ ಎಂಬ ಲೆಕ್ಕಾಚಾರ ಆ ಪೊಳ್ಳಿನಲ್ಲಿ ಅಡಗಿದೆ. ಪಾಲಿಯುರೆಥೇನ್ ಬುಷ್ ಸಾಮಾನ್ಯವಾಗಿ ಇಡಿಯಾದ ಉಂಡೆ. ಅದು ಎಲ್ಲ ದಿಕ್ಕಿಗೂ ಒಂದೇ ಸಮ. ಪಕ್ಕದ ಜರುಗಾಟ ನಿಲ್ಲಿಸಲು ಹೋಗಿ ಹಿಂದುಮುಂದಿನ ಮೃದುತ್ವವನ್ನೂ ಕಳೆದುಕೊಂಡಿರುತ್ತೀರಿ. ಅಂದಹಾಗೆ, ಪೊಳ್ಳಿರುವ ರಬ್ಬರ್ ಬುಷ್ ಕೂರಿಸುವಾಗ ದಿಕ್ಕು ತಪ್ಪಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಹಳೆಯದನ್ನು ತೆಗೆಯುವ ಮುನ್ನವೇ ಅದರ ಪೊಳ್ಳು ಯಾವ ಕಡೆಗಿತ್ತೆಂದು ಚೌಕಟ್ಟಿನ ಮೇಲೆ ಗೀರು ಹಾಕಿಕೊಳ್ಳಿ. ಹೊಸ ಬುಷ್‌ನ ಅಂಚಿನಲ್ಲಿ ಬಾಣದ ಗುರುತೋ ಕಚ್ಚೋ ಇದ್ದರೆ ರಿಪೇರಿ ಕೈಪಿಡಿಯೊಂದಿಗೆ ತಾಳೆ ನೋಡಿ.

ಗಡಸುತನದ ಅಂಕಿಯ ಬಗ್ಗೆಯೂ ಎಚ್ಚರ. ಮಾರುವವರು ‘ಶೋರ್ ಎ’ ಅಳತೆಯಲ್ಲಿ ಸಂಖ್ಯೆ ಕೊಡುತ್ತಾರೆ. ಕಾರ್ಖಾನೆಯ ರಬ್ಬರ್ ಸಾಮಾನ್ಯವಾಗಿ 50ರಿಂದ 70ರ ನಡುವೆ ಇರುತ್ತದೆ, ಪಾಲಿಯುರೆಥೇನ್ 70ರಿಂದ 95ರವರೆಗೆ. 60ರಿಂದ 80ಕ್ಕೆ ಏರಿದರೆ ಮೂರನೇ ಒಂದು ಪಾಲು ಗಟ್ಟಿಯಾಯಿತು ಎಂದು ಲೆಕ್ಕ ಹಾಕುವವರೇ ಹೆಚ್ಚು. ಆ ಅಳತೆಪಟ್ಟಿ ಹಾಗೆ ಸಮನಾಗಿ ಏರುವುದಿಲ್ಲ. 60ರಿಂದ 80ಕ್ಕೆ ಹೋದರೆ ವಸ್ತುವಿನ ಬಿಗಿತ ಸುಮಾರು ಎರಡೂವರೆ ಪಟ್ಟಾಗುತ್ತದೆ. 90 ದಾಟಿದ ಮೇಲಂತೂ ಪ್ರತಿ ಅಂಕಿಯೂ ಭಾರಿ ಏರಿಕೆಯೇ. ಬಣ್ಣ ನೋಡಿ ಗಡಸುತನ ಊಹಿಸುವುದೂ ಸಲ್ಲದು, ಒಬ್ಬ ತಯಾರಕರ ಕಪ್ಪು ಇನ್ನೊಬ್ಬರ ಕಪ್ಪಲ್ಲ.

‘ಮತ್ತೆಂದೂ ಗೋಳಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಾಲಿಯುರೆಥೇನ್‌ನಲ್ಲಿ ಎರಡು ಬಗೆಯಿದೆ: ಪಾಲಿಈಥರ್ ಮೂಲದ್ದು, ಪಾಲಿಎಸ್ಟರ್ ಮೂಲದ್ದು. ಪಾಲಿಎಸ್ಟರ್ ಬಗೆ ತೇವ ಮತ್ತು ಶಾಖ ಸೇರಿದಲ್ಲಿ ವರ್ಷಗಳು ಕಳೆದಂತೆ ಒಳಗಿನಿಂದಲೇ ಒಡೆದು ಪುಡಿಯಾಗುತ್ತದೆ. ಪಾಲಿಈಥರ್ ಬಗೆ ನೀರನ್ನು ತಾಳುತ್ತದೆ. ಕಾರಿನ ಅಡಿಯಲ್ಲಿ ನೀರು, ಕೆಸರು ತಪ್ಪಿದ್ದಲ್ಲವಾದ್ದರಿಂದ, ಯಾವ ಬಗೆಯದೆಂದು ಹೇಳಲಾಗದ ಮಾರಾಟಗಾರರಿಂದ ಕೊಳ್ಳಬೇಡಿ. ಒಳ್ಳೆಯ ಪಾಲಿಯುರೆಥೇನ್ ಎಣ್ಣೆಯನ್ನು ರಬ್ಬರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ ಎಂಬುದು ಅದರ ಪರವಾದ ಮಾತು. ಎರಡು ಹೋಳಾಗಿ ಬರುವುದರಿಂದ ಕೈಯಲ್ಲೇ ಒತ್ತಿ ಕೂರಿಸಬಹುದು ಎಂಬುದು ಇನ್ನೊಂದು. ಬಹಳಷ್ಟು ಗ್ಯಾರೇಜ್‌ಗಳ ಒಲವು ಅದರ ಕಡೆಗಿರುವುದಕ್ಕೆ ಈ ಎರಡನೆಯದೇ ದೊಡ್ಡ ಕಾರಣವೆಂದು ನನ್ನ ಗುಮಾನಿ.

ಅಲ್ಯೂಮಿನಿಯಮ್ ಬುಷ್ ತಪ್ಪಾದ ವಸ್ತುವೇನಲ್ಲ. ಅದಕ್ಕೂ ಜಾಗವಿದೆ, ಆದರೆ ಆ ಜಾಗ ರೇಸ್ ಟ್ರ್ಯಾಕ್. ಅಲ್ಲಿ ಬೆಸುಗೆ ಹಾಕಿ ಬಲಪಡಿಸಿದ ಮೈ ಇರುತ್ತದೆ, ಪ್ರತಿ ಓಟದ ನಂತರ ಬಿರುಕು ಹುಡುಕುವ ಕಣ್ಣಿರುತ್ತದೆ, ಸದ್ದಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಸ್ತೆಯ ಕಾರಿನಲ್ಲಿ ಡಿಫರೆನ್ಷಿಯಲ್‌ನ ಗೇರುಗಳ ಗುಂಯ್‌ಗುಡುವಿಕೆ ನೇರ ಹಿಂದಿನ ಸೀಟಿನವರ ಕಿವಿಗೆ ಬರುತ್ತದೆ. ಇದರ ಗುಣದೋಷ ಎರಡನ್ನೂ ಒಂದೇ ಕಾರಿನಲ್ಲಿ ನೋಡಬೇಕೆಂದರೆ ಮಿನಿಯನ್ನು ನೋಡಿ. 1959ರಲ್ಲಿ ಬಂದ ಆ ಕಾರಿನ ಮುಂದಿನ ಸಬ್‌ಫ್ರೇಮ್ ರಬ್ಬರಿಲ್ಲದೆ ನೇರ ಮೈಗೆ ಬೋಲ್ಟ್ ಆಗಿತ್ತು. 1976ರಲ್ಲಿ ತಯಾರಕರೇ ಅದಕ್ಕೆ ರಬ್ಬರ್ ಕೊಟ್ಟರು, ಕಾರಿನೊಳಗೆ ಗದ್ದಲ ತಗ್ಗಿತು. ಇಂದಿಗೂ ಸ್ಪರ್ಧೆಗೆ ಮಿನಿ ಸಜ್ಜುಗೊಳಿಸುವವರು ಆ ರಬ್ಬರ್ ಕಿತ್ತು ಹಳೆಯ ಪದ್ಧತಿಗೆ ಮರಳುತ್ತಾರೆ, ಸ್ಟೀರಿಂಗ್ ಚುರುಕಾಗುತ್ತದೆ ಎಂದು. ಇಬ್ಬರೂ ಸರಿಯೇ, ಅವರವರ ಕೆಲಸಕ್ಕೆ. ಆದರೆ ಗಮನಿಸಿ: ಮೊದಲಿಗೆ ಆ ಮೈಯನ್ನು ಬೋಲ್ಟ್‌ನ ನೇರ ಹೊಡೆತ ತಾಳುವಂತೆಯೇ ಕಟ್ಟಲಾಗಿತ್ತು. ನಿಮ್ಮ ಕಾರಿನ ಹಿಂದಿನ ನೆಲವನ್ನು ಬುಷ್ ಇದೆಯೆಂಬ ಭರವಸೆಯ ಮೇಲೆ ಕಟ್ಟಲಾಗಿದೆ.

ಇನ್ನು ಪೆಟ್ಟಿಗೆಯ ಬುಷ್. ಮೂಲ ಕಂಪನಿಯ ಲೇಬಲ್, ಒಡೆಯದ ಪೊಟ್ಟಣ, ಆಸೆ ಹುಟ್ಟುವುದು ಸಹಜ. ಆದರೆ ರಬ್ಬರ್ ಕಾರಿಗೆ ಹಾಕಿದ ದಿನದಿಂದಲ್ಲ, ಅಚ್ಚಿನಿಂದ ಹೊರಬಂದ ದಿನದಿಂದಲೇ ಮುದಿಯಾಗತೊಡಗುತ್ತದೆ. ಕಪಾಟಿನಲ್ಲಿ ಮೂವತ್ತು ವರ್ಷ ಮಲಗಿದ್ದ ಬುಷ್ ನೋಡಲು ಹೊಸತು, ಕಸುವಿನಲ್ಲಿ ಹಳತು. ಭಾರ ಬಿದ್ದ ಕೆಲವೇ ತಿಂಗಳಲ್ಲಿ ಅಂಟು ಬಿಡಬಹುದು. ಬಿಡಿಭಾಗ ತೆಗೆದುಕೊಳ್ಳುವಾಗ ಅಚ್ಚೊತ್ತಿದ ತಯಾರಿಕಾ ದಿನಾಂಕ ಕೇಳಿ. ಅನೇಕ ಬುಷ್‌ಗಳ ಮೇಲೆ ಗಡಿಯಾರದಂಥ ಪುಟ್ಟ ವೃತ್ತ, ಅದರೊಳಗೆ ವರ್ಷ ಮತ್ತು ತಿಂಗಳಿಗೆ ಬಾಣ ಇರುತ್ತದೆ. ನಿಮಗೆ ಸಿಕ್ಕ ಬುಷ್ ದಂಡವೇನೂ ಅಲ್ಲ. ಅದರ ಎತ್ತರ, ಹೊರವ್ಯಾಸ, ಕೊಳವೆಯ ಉದ್ದ ಇವನ್ನು ಕ್ಯಾಲಿಪರ್‌ನಿಂದ ಅಳೆದಿಟ್ಟುಕೊಳ್ಳಿ. ಈಗಿನ ತಯಾರಿಕೆಯ ಬದಲಿ ಭಾಗ ಬಂದಾಗ ಒಪ್ಪಿಸಿ ನೋಡಲು ಅದಕ್ಕಿಂತ ಒಳ್ಳೆಯ ಮಾದರಿ ಸಿಗದು. ಅಗ್ಗದ ಬದಲಿ ಬುಷ್‌ಗಳಲ್ಲಿ ಎತ್ತರವೇ ಒಂದೆರಡು ಮಿಲಿಮೀಟರ್ ಆಚೀಚೆ ಇರುವುದುಂಟು.

ಎತ್ತರ ಹೀಗೆ ಮುಖ್ಯವಾಗುವುದರಿಂದಲೇ ಒಂದೊಂದನ್ನೇ ಬದಲಿಸುವುದು ಸರಿಯಲ್ಲ. ಹಳೆಯ ರಬ್ಬರ್ ಭಾರಕ್ಕೆ ಕುಗ್ಗಿರುತ್ತದೆ. ಎಡಕ್ಕೆ ಹೊಸದು, ಬಲಕ್ಕೆ ಕುಗ್ಗಿದ್ದು ಕೂತರೆ ಸಬ್‌ಫ್ರೇಮ್ ಓರೆಯಾಗುತ್ತದೆ, ಅದರೊಂದಿಗೆ ಎರಡೂ ಚಕ್ರಗಳ ಕೋನ ಬದಲಾಗುತ್ತದೆ. ಹೊಸದು ಗಟ್ಟಿಯಾಗಿರುವುದರಿಂದ ಹೊರೆಯ ಹೆಚ್ಚು ಪಾಲೂ ಅದರ ಮೇಲೇ ಬೀಳುತ್ತದೆ. ಜೊತೆಗೆ ಡಿಫರೆನ್ಷಿಯಲ್‌ನ ಬುಷ್, ಆರ್ಮ್‌ಗಳ ಬುಷ್ ಇವುಗಳ ಸ್ಥಿತಿಯನ್ನೂ ನೋಡಿ. ಒಂದು ಸೋತರೆ ನೆರೆಯದ್ದು ಅದರ ಹೊರೆ ಹೊರುತ್ತದೆ. ಜಾಗ್ವಾರ್‌ನ 1961ರ ಇ-ಟೈಪ್‌ನಲ್ಲಿ ಹಿಂದಿನ ಸಸ್ಪೆನ್ಷನ್ ಪೂರ್ತಿ ಒಂದು ಪಂಜರದೊಳಗಿದ್ದು, ಆ ಪಂಜರ ರಬ್ಬರ್ ಮತ್ತು ಉಕ್ಕಿನ ಪಟ್ಟಿಗಳನ್ನು ಅಂಟಿಸಿ ಮಾಡಿದ ಮೌಂಟ್‌ಗಳಿಂದ ತೂಗುತ್ತದೆ. ಪಂಜರ ಹಿಂದುಮುಂದಾಗದಂತೆ ಹಿಡಿಯುವುದು ಚಕ್ರದ ಕಡೆಯಿಂದ ಮೈಗೆ ಉದ್ದಕ್ಕೆ ಚಾಚಿದ ರೇಡಿಯಸ್ ಆರ್ಮ್‌ಗಳು. ಆ ಆರ್ಮ್‌ನ ಬುಷ್ ಸವೆದಾಗ ಮೌಂಟ್‌ಗಳ ಅಂಟು ಬಿಡುತ್ತದೆ. ಕಾರಿನ ಮಾಲೀಕರು ಮೌಂಟ್ ಬದಲಿಸುತ್ತಾರೆ, ಮತ್ತೆ ಅದೇ ಕಥೆ.

ಸ್ವಲ್ಪ ಚುರುಕು ಬೇಕೇ ಬೇಕು ಎನ್ನುವುದಾದರೆ ಒಂದು ರಾಜಿ ಸೂತ್ರವಿದೆ. ಡಿಫರೆನ್ಷಿಯಲ್‌ನ ಕಂಪನ ನಿಮ್ಮನ್ನು ತಲುಪುವ ಮೊದಲು ಎರಡು ಕಡೆ ಸೋಸಿಕೊಳ್ಳುತ್ತದೆ: ಡಿಫರೆನ್ಷಿಯಲ್‌ನ ಸ್ವಂತ ಬುಷ್‌ನಲ್ಲಿ ಒಮ್ಮೆ, ಸಬ್‌ಫ್ರೇಮ್ ಬುಷ್‌ನಲ್ಲಿ ಇನ್ನೊಮ್ಮೆ. ಎರಡರಲ್ಲಿ ಒಂದು ರಬ್ಬರ್ ಆಗಿಯೇ ಉಳಿಯಲಿ. ಸಬ್‌ಫ್ರೇಮ್‌ಗೆ ಶೋರ್ 75ರ ಆಸುಪಾಸಿನ ಮೆದು ಪಾಲಿಯುರೆಥೇನ್, ಡಿಫರೆನ್ಷಿಯಲ್‌ಗೆ ಹೊಸ ರಬ್ಬರ್ ಎಂದರೆ ಸಹಿಸಬಹುದಾದ ಕಾರಾಗುತ್ತದೆ. ತಗಡು ಗಟ್ಟಿಯಿದ್ದರೆ ಮಾತ್ರ, ಮತ್ತೆ ಹೇಳಬೇಕಿಲ್ಲ. ಹಳೆಯ ಬುಷ್‌ನ ಪೊಳ್ಳಿಗೆ ತುರುಕುವ ಪಾಲಿಯುರೆಥೇನ್ ತುಂಡುಗಳನ್ನೂ ಮಾರುತ್ತಾರೆ. ಗಟ್ಟಿಯಿರುವ ಬುಷ್‌ನ ಅಲುಗಾಟ ತಗ್ಗಿಸಲು ಅವು ಆದಾವು, ಅಂಟು ಬಿಟ್ಟ ಬುಷ್‌ಗೆ ಅವುಗಳಿಂದ ಪ್ರಯೋಜನವಿಲ್ಲ.

ಕೆಲಸ ಮಾಡುವವರು ನಿಮ್ಮ ಮೆಕ್ಯಾನಿಕ್ಕೇ ಆದರೂ ಕೆಲವು ಮಾತು ಅವರಿಗೆ ಮುಟ್ಟಿಸಿ. ಸಬ್‌ಫ್ರೇಮ್ ಬೋಲ್ಟ್ ಬಿಚ್ಚುವಾಗಲೇ ಹೆಚ್ಚಿನ ಅನಾಹುತ ಆಗುವುದು. ಬೋಲ್ಟ್‌ನ ಮೇಲಿನ ನಟ್ ಹಲವು ಕಾರುಗಳಲ್ಲಿ ಮೈಯ ಪೆಟ್ಟಿಗೆಯಂಥ ಭಾಗದೊಳಗೆ, ಕೈ ಹೋಗದ ಜಾಗದಲ್ಲಿ, ಒಂದು ತಗಡಿನ ಗೂಡಿನಲ್ಲಿ ಕುಳಿತಿರುತ್ತದೆ. ತುಕ್ಕು ಹಿಡಿದ ಬೋಲ್ಟ್‌ಗೆ ಇಂಪ್ಯಾಕ್ಟ್ ಗನ್ ಹಿಡಿದರೆ ಆ ಗೂಡು ಕಿತ್ತು, ನಟ್ ಒಳಗೇ ಗಿರಗಿರನೆ ತಿರುಗುತ್ತದೆ. ಆಮೇಲೆ ನೆಲದ ತಗಡು ಕತ್ತರಿಸದೆ ಬೇರೆ ದಾರಿಯಿಲ್ಲ. ಹಿಂದಿನ ದಿನವೇ, ಸಾಧ್ಯವಾದರೆ ಅದಕ್ಕೂ ಮೊದಲಿನಿಂದ, ತುಕ್ಕು ಸಡಿಲಿಸುವ ಎಣ್ಣೆ ಬಿಡುತ್ತಿರಲಿ. ಉದ್ದ ಹಿಡಿಕೆಯ ಸ್ಪ್ಯಾನರ್‌ನಿಂದ ಕಾಲು ಸುತ್ತು ಬಿಚ್ಚಿ, ಮತ್ತೆ ಅಷ್ಟು ಬಿಗಿದು, ಮತ್ತೆ ಬಿಚ್ಚಲಿ. ಸಬ್‌ಫ್ರೇಮ್ ಇಳಿಸುವ ಮುನ್ನ ಅದು ಕೂತಿದ್ದ ಜಾಗವನ್ನು ಮೈಮೇಲೆ ಗೀರಿಕೊಳ್ಳಲಿ. ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಸೈಲೆನ್ಸರ್ ಕೊಳವೆ ಇವು ಎಳೆದುಕೊಳ್ಳದಂತೆ ಬಿಡಿಸಲಿ.

ಹಳೆಯ ಬುಷ್‌ಗೆ ಬೆಂಕಿ ಹಿಡಿದು ಸುಟ್ಟು ತೆಗೆಯುವ ಪದ್ಧತಿ ಬೇಡ. ಹಿಂದಿನ ಸಬ್‌ಫ್ರೇಮ್‌ನ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಮತ್ತು ಕೊಳವೆಗಳಿರುತ್ತವೆ. ಚೌಕಟ್ಟನ್ನು ಹೊರಗಿಟ್ಟು ಸುಟ್ಟರೂ ಆ ಹೊಗೆ ವಿಷವೇ, ಪಾಲಿಯುರೆಥೇನ್ ಉರಿದರೆ ಹೈಡ್ರೋಜನ್ ಸಯನೈಡ್ ಕೂಡ ಹೊರಬರುತ್ತದೆ. ರಬ್ಬರನ್ನು ಕೊರೆದು ತೆಗೆದು, ಹೊರಗಿನ ಉಕ್ಕಿನ ಕವಚವನ್ನು ಹ್ಯಾಕ್‌ಸಾ ಬ್ಲೇಡಿನಿಂದ ಸೀಳಿ ಒಳಕ್ಕೆ ಮಡಚಿದರೆ ತಾನಾಗಿ ಬರುತ್ತದೆ. ಚೌಕಟ್ಟಿನ ಒಳಗೋಡೆಗೆ ಬ್ಲೇಡ್ ತಾಗದಿರಲಿ. ಹೊಸದನ್ನು ಕೂರಿಸಲು ಸುತ್ತಿಗೆ ಬಳಸಬಾರದು. ಪ್ರೆಸ್ ಇಲ್ಲದಿದ್ದರೆ ದಪ್ಪ ತಿರುಪಿನ ಸರಳು, ಎರಡು ಬದಿಗೂ ಸರಿಯಾದ ಅಳತೆಯ ಬಟ್ಟಲುಗಳಿಂದ ಎಳೆದು ಕೂರಿಸಬಹುದು. ಲೋಹದ ಕವಚವಿರುವ ಬುಷ್ ಅನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಕೆಲಸ ಹಗುರ. 60 ಮಿಲಿಮೀಟರ್ ವ್ಯಾಸದ ಅಲ್ಯೂಮಿನಿಯಮ್ ಕವಚ 25 ಡಿಗ್ರಿಯಿಂದ ಮೈನಸ್ 18 ಡಿಗ್ರಿಗೆ ಇಳಿದಾಗ ಸುಮಾರು 0.06 ಮಿಲಿಮೀಟರ್ ಕುಗ್ಗುತ್ತದೆ, ಉಕ್ಕಿನದು ಅದರ ಅರ್ಧದಷ್ಟು. ಜಾರಲು ರಬ್ಬರಿಗೆ ಸಾಬೂನು ನೀರು, ಪಾಲಿಯುರೆಥೇನ್‌ಗೆ ಸಿಲಿಕೋನ್ ಗ್ರೀಸ್. ಎಂಜಿನ್ ಆಯಿಲ್ ಹಚ್ಚುವವರನ್ನು ತಡೆಯಿರಿ.

ಬೋಲ್ಟ್‌ಗಳು ಹೊಸತಾಗಿರಲಿ, ಮೂಲದ್ದೇ ದರ್ಜೆಯವಾಗಿರಲಿ, ಬಿಗಿತ ರಿಪೇರಿ ಕೈಪಿಡಿಯಲ್ಲಿದ್ದಷ್ಟು. ಕೆಲಸದ ನಡುವೆ ಸಸ್ಪೆನ್ಷನ್ ಆರ್ಮ್‌ಗಳ ಬೋಲ್ಟ್ ಸಡಿಲಿಸಿದ್ದರೆ, ಅವನ್ನು ಕಾರು ಚಕ್ರಗಳ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಬಿಗಿಯಬೇಕು. ಚಕ್ರ ತೂಗಾಡುತ್ತಿರುವಾಗ ಬಿಗಿದರೆ ಆ ರಬ್ಬರ್ ಬುಷ್‌ಗಳು ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತವೆ. ಆಮೇಲೆ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಬೋಲ್ಟ್‌ಗಳ ಬಿಗಿತವನ್ನು ಇನ್ನೊಮ್ಮೆ ನೋಡಿಸಿ. ರಬ್ಬರೇ ಹಾಕಿಸಿದ್ದರೂ ಒಂದು ನಿರ್ದಿಷ್ಟ ವೇಗದಲ್ಲಿ ಹೊಸದಾಗಿ ಗುಂಯ್ ಎನ್ನುವ ಸದ್ದು ಕೇಳಿದರೆ ಬುಷ್ ಅನ್ನು ಬೈಯುವ ಮೊದಲು ಸೈಲೆನ್ಸರ್ ಕೊಳವೆ ಎಲ್ಲಾದರೂ ಸಬ್‌ಫ್ರೇಮ್‌ಗೆ ತಾಗುತ್ತಿದೆಯೇ ನೋಡಿ. ಕುಗ್ಗಿದ ಬುಷ್ ಹೋಗಿ ಹೊಸದು ಬಂದಾಗ ಚೌಕಟ್ಟು ತನ್ನ ಹಳೆಯ ಎತ್ತರಕ್ಕೆ ಮರಳಿರುತ್ತದೆ, ಇಷ್ಟು ವರ್ಷ ಬಾಗಿದ ಚೌಕಟ್ಟಿಗೆ ಹೊಂದಿಸಿ ಕಟ್ಟಿದ್ದ ಕೊಳವೆ ಮಾತ್ರ ಇದ್ದಲ್ಲೇ ಇರುತ್ತದೆ.